ನಮ್ಮ ಪರವಾಗಿ ಮಾತಾಡುವವರು ಯಾರು?

ಹಾಸ್ಟೆಲ್ ಅರ್ಜಿಯಲ್ಲಿ ‘ತುರ್ತು ಸಂಪರ್ಕ’ ಅಂತ ಒಂದು ಕಾಲಂ ಇರುತ್ತೆ. ನಾವೆಲ್ಲ ಅಪ್ಪನ ನಂಬರ್ ಬರೆದು ಮುಂದೆ ಹೋಗ್ತೀವಿ. ಯಾರಿಗೆ ಫೋನ್ ಮಾಡಬೇಕು ಅನ್ನೋದಷ್ಟೇ ಅದರಿಂದ ಗೊತ್ತಾಗೋದು. ನಮಗೆ ಪ್ರಜ್ಞೆ ಇಲ್ಲದಾಗ, ಅಥವಾ ಸರಿಯಾಗಿ ಯೋಚಿಸುವ ಸ್ಥಿತಿಯಲ್ಲಿ ನಾವಿಲ್ಲದಾಗ, ನಮ್ಮ ಪರವಾಗಿ ಯಾರು ತೀರ್ಮಾನ ತಗೋಬೇಕು? ಆ ಹೆಸರನ್ನು ನಾವೇ, ಬುದ್ಧಿ ನೆಟ್ಟಗಿರುವಾಗಲೇ, ಬರೆದಿಡಬೇಕು ಅನ್ನೋದು ನಮ್ಮ ಅಭಿಪ್ರಾಯ.

‘ಇದೆಲ್ಲ ವಯಸ್ಸಾದವರಿಗೆ ಬಿಡಿ’ ಅನ್ನಬೇಡಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲೇ ಅವರ ಮೇಲೆ ಭೀಕರ ಹಲ್ಲೆ ನಡೆದಾಗ ವಯಸ್ಸು 25ರ ಆಸುಪಾಸು, ನಮ್ಮ ಸೀನಿಯರ್‌ಗಳಿಗಿಂತ ಸ್ವಲ್ಪ ದೊಡ್ಡವರು ಅಷ್ಟೇ. ಆಮೇಲೆ 2015ರಲ್ಲಿ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದರು. ಅವರನ್ನು ಹೀಗೆ ಬದುಕಿಸಿಡುವುದು ಬೇಡ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ನಾವು ನೋಡಿಕೊಳ್ತೀವಿ, ಬದುಕಲಿ ಎಂದರು ಆಸ್ಪತ್ರೆಯವರು. ಅರುಣಾ ಪರವಾಗಿ ಮಾತಾಡಬೇಕಾದವರು ಆರೈಕೆ ಮಾಡುತ್ತಿರುವ ಸಿಬ್ಬಂದಿಯೇ ಎಂದು 2011ರಲ್ಲಿ ಕೋರ್ಟ್ ಹೇಳಿತು. ಎರಡೂ ಕಡೆ ಕಾಳಜಿ ಇತ್ತು. ಆದರೆ ಅರುಣಾಗೆ ಏನು ಬೇಕಿತ್ತು ಅನ್ನೋದು ಕೊನೆಗೂ ಗೊತ್ತಾಗಲೇ ಇಲ್ಲ.

ಇವತ್ತು ಅದನ್ನು ಹೇಳಿಡಲು ದಾರಿ ಇದೆ. 18 ತುಂಬಿದ ಯಾರೇ ಆದರೂ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಾಸಿಯಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ನಮ್ಮ ಪರವಾಗಿ ಮಾತಾಡುವವರು ಯಾರು ಅಂತ ಅದರಲ್ಲಿ ಬರೆಯೋದು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ.

ಮಾನಸಿಕ ಕಾಯಿಲೆಯ ವಿಚಾರಕ್ಕೆ ಬೇರೆ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು. ಅವರು ವಯಸ್ಕರಾಗಿರಬೇಕು, ಬರಹದಲ್ಲಿ ಒಪ್ಪಬೇಕು. ರಕ್ತಸಂಬಂಧಿಯೇ ಆಗಬೇಕಿಲ್ಲ. ಡಿಪ್ರೆಶನ್ ಅಂದರೆ ‘ಗಾಳಿ ಸೋಕಿದೆ’ ಅನ್ನುವ ಮನೆಯಿಂದ ಬಂದವರು ನಮ್ಮಲ್ಲೂ ಇದ್ದಾರಲ್ಲ, ಅವರಿಗೆ ಅಕ್ಕನೋ ಒಬ್ಬ ಗೆಳೆಯನೋ ಪ್ರತಿನಿಧಿಯಾಗಬಹುದು. ಮನಸ್ಸು ಬದಲಾದರೆ ಹೆಸರನ್ನೂ ಬದಲಾಯಿಸಬಹುದು.

ದುಡ್ಡಿನ ವಿಷಯದಲ್ಲಿ ಮಾತ್ರ ಕಾನೂನು ಕೈಕೊಡುತ್ತೆ. ಬ್ಯಾಂಕ್ ನಾಮಿನಿಗೆ ಹಕ್ಕು ಬರೋದು ನಾವು ಸತ್ತ ಮೇಲೆ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೂ, 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ರದ್ದು. ಬೇಕಾದ ಹೊತ್ತಿಗೇ ಇಲ್ಲ! ಕೋಮಾದಲ್ಲಿರುವವರ ಖಾತೆ ನಡೆಸಲು ಮನೆಯವರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯೊಂದು ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಅವಕಾಶ ಕೊಟ್ಟಿದೆ. ನಮಗೂ ಅಂಥದ್ದು ಬೇಕು.

‘ಅಪ್ಪ ಅಮ್ಮ ಇದ್ದಾರಲ್ಲ, ಇದೆಲ್ಲ ಯಾಕೆ?’ ಅಂತ ಕೇಳಬಹುದು. ಇದ್ದಾರೆ, ಅದಕ್ಕೇ ಬೇಕು. ಐಸಿಯು ಬಾಗಿಲಲ್ಲಿ ಡಾಕ್ಟರು ‘ವೆಂಟಿಲೇಟರ್ ಮುಂದುವರಿಸೋದಾ?’ ಅಂದಾಗ ಅಪ್ಪ ಒಂದು ಹೇಳಿ ಅಮ್ಮ ಇನ್ನೊಂದು ಹೇಳಿದರೆ? ಹೂಂ ಅಂದರೂ ಉಹೂಂ ಅಂದರೂ ಆ ಉತ್ತರ ಅವರನ್ನು ಜೀವನಪೂರ್ತಿ ಕೊರೆಯುತ್ತೆ. ನಮ್ಮ ಬರಹ ಕೈಯಲ್ಲಿದ್ದರೆ ‘ಮಗಳು ಹೀಗೇ ಹೇಳಿದ್ದಳು’ ಅಂತ ಅವರು ಉಸಿರಾಡಬಹುದು.

‘ಬಿಡ್ತು ಅನ್ನು’ ಅಂತ ಅಜ್ಜಿ ಗದರಬಹುದು. ಗದರಲಿ. ಹೆಲ್ಮೆಟ್ ಹಾಕಿದ್ದಕ್ಕೆ ಆಕ್ಸಿಡೆಂಟ್ ಆಗಲ್ಲ.

ಹೆಸರು ಆರಿಸುವಾಗ ನಮ್ಮನ್ನು ಯಾರು ಹೆಚ್ಚು ಪ್ರೀತಿಸ್ತಾರೆ ಅಂತ ಮಾತ್ರ ನೋಡಬೇಡಿ. ತಮಗಿಷ್ಟವಿಲ್ಲದಿದ್ದರೂ ನಮ್ಮ ಮಾತನ್ನೇ ಡಾಕ್ಟರ ಮುಂದೆ ಯಾರು ಹೇಳಬಲ್ಲರು ಅಂತ ನೋಡಿ. ಈ ಸಲ ರಜೆಗೆ ಊರಿಗೆ ಹೋದಾಗ ಊಟದ ಹೊತ್ತಲ್ಲಿ ಮಾತು ತೆಗೆಯಿರಿ. ನಿಮ್ಮದು ಹೇಳಿ, ಅಪ್ಪ ಅಮ್ಮಂದಿರಿಗೆ ಏನು ಬೇಕು ಅಂತಲೂ ಕೇಳಿ. ನೋಟರಿ ಹತ್ತಿರ ಆಮೇಲೆ ಹೋದರಾಯ್ತು.