ಹೊಸ್ತಿಲೊಳಗಣ ಸುಧಾರಣೆ

ಲೋಕವನ್ನು ತಿದ್ದಹೊರಟವರಿಗೆ ಕನ್ನಡ ನಾಡಿನಲ್ಲಿ ಎಂದೂ ಕೊರತೆಯಾದುದಿಲ್ಲ. ಸಭೆಯಲ್ಲಿ ಅಸ್ಪೃಶ್ಯತೆಯನ್ನು ಖಂಡಿಸಿ, ಕರತಾಡನವನ್ನು ಪಡೆದು, ಹೂಮಾಲೆಯೊಡನೆ ಮನೆಗೆ ಮರಳುವ ಮಹನೀಯರು, ಅಲ್ಲಿ ಅಂಗಳ ಗುಡಿಸುವವಳಿಗೆ ಬೇರೆ ಲೋಟದಲ್ಲಿ ನೀರು ಕೊಡುವದನ್ನು ಕಂಡೂ ಕಾಣದಂತಿರುವರು. ಮಗನು ಅನ್ಯಜಾತಿಯ ಕನ್ಯೆಯನ್ನು ಮೆಚ್ಚಿದನೆಂದರೆ ಸಭೆಯಲ್ಲಿ ಹರಿದ ವಾಗ್ಝರಿಯು ಒಮ್ಮೆಲೇ ಬತ್ತಿಹೋಗುವದು. ಇಂತಹವರ ಉಪದೇಶವು ಯಾರ ಮನಸ್ಸಿಗೂ ತಾಗದಿದ್ದರೆ ಆಶ್ಚರ್ಯವೇನು?

ತನ್ನನ್ನು ಪೂರ್ಣವಾಗಿ ತಿದ್ದಿಕೊಳ್ಳುವವರೆಗೆ ಯಾರೂ ಲೋಕಕಾರ್ಯಕ್ಕೆ ಕೈಹಾಕಬಾರದೆಂದರೆ ಯಾವ ಕೆಲಸವೂ ಆಗಲಾರದು, ಕಾಯದೆಯೊಂದಿದ್ದರೆ ಸಾಕು, ಎಂದು ಇವರ ಪರವಾಗಿ ವಾದಿಸುವವರುಂಟು. ವಾದದ ಪೂರ್ವಾರ್ಧವು ನಿಜವೇ. ದೋಷವಿಲ್ಲದವನನ್ನು ಕಾಯುತ್ತ ಕುಳಿತರೆ ಬಾವಿಗೆ ಹಗ್ಗವೂ ಇಳಿಯದು. ಆದರೆ ಇಲ್ಲಿ ಬೇಕಾಗಿರುವವರು ಸಿದ್ಧಪುರುಷರಲ್ಲ. ಊರಿನಿಂದ ಬೇಡುವ ತ್ಯಾಗವನ್ನು ಮೊದಲು ತಮ್ಮ ಮನೆಯಿಂದ ಕೊಡಬಲ್ಲವರು.

ಗಾಂಧಿಯವರು 1915 ರ ಮೇ 25 ರಂದು ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮವನ್ನು ಸ್ಥಾಪಿಸಿದರು. ಕೆಲವೇ ತಿಂಗಳುಗಳಲ್ಲಿ, ಅಮೃತಲಾಲ ಠಕ್ಕರರ ಪತ್ರದ ಮೇಲಿಂದ, ಅಸ್ಪೃಶ್ಯರೆನಿಸಿದ್ದ ಕುಲದ ಶಿಕ್ಷಕ ದೂದಾಭಾಯಿ, ಅವರ ಪತ್ನಿ ದಾನೀಬೆಹನ್, ಹಸುಳೆ ಲಕ್ಷ್ಮಿ ಇವರು ಅಲ್ಲಿಗೆ ಬಂದು ಸೇರಿದರು. ಕೂಡಲೇ ಬಾವಿಯ ಮೇಲ್ವಿಚಾರಕನು ಕೊಡದ ಹನಿಯಿಂದ ಮೈಲಿಗೆಯಾಯಿತೆಂದು ಬೈಯತೊಡಗಿದನು. ಹಣದ ನೆರವು ನಿಂತಿತು. ಮುಂದಿನ ತಿಂಗಳಿಗೆ ಕಾಸಿಲ್ಲವೆಂದು ಮಗನಲಾಲರು ತಿಳಿಸಿದರು. ಇವೆಲ್ಲ ಹೊರಗಿನ ಪೆಟ್ಟುಗಳು. ಇವುಗಳಿಗಿಂತ ಕಠಿನವಾದುದು ಒಳಗಿತ್ತು: ದಾನೀಬೆಹನರ ವಿಷಯದಲ್ಲಿ ಕಸ್ತೂರಬಾ ಮೊದಲಾದ ಸ್ತ್ರೀಯರಿಗಿದ್ದ ಅನಾದರವು. ಇದನ್ನು ಗಾಂಧಿಯವರೇ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿರುವರು. ಆದರೂ ಆ ಕುಟುಂಬವನ್ನು ಹೊರಗೆ ಕಳುಹಲಿಲ್ಲ. ಹಣ ತೀರಿದರೆ ಆಶ್ರಮವೆಲ್ಲ ಅಸ್ಪೃಶ್ಯರ ಕೇರಿಗೇ ಹೋಗತಕ್ಕದ್ದೆಂದು ನಿಶ್ಚಯವಾಯಿತು. ಶೇಠರೊಬ್ಬರು 13,000 ರೂಪಾಯಿಗಳನ್ನು ತಂದಿತ್ತುದು ಆಮೇಲೆ. (ಈ ಕಥೆಯನ್ನು ಹೇಳುವವರು ಶೇಠರ ಮೋಟಾರನ್ನು ನೆನೆಯುವರು, ಆಶ್ರಮದ ಒಳಮನೆಯನ್ನು ಮರೆಯುವರು.) ದೇಶವನ್ನು ಸುತ್ತಿದ ಹರಿಜನ ಯಾತ್ರೆಯು ಹೊರಟುದು 1933 ರಲ್ಲಿ, ಎಂದರೆ ಹದಿನೆಂಟು ವರ್ಷಗಳ ತರುವಾಯ.

ಮಂಗಳೂರಿನ ಕುದ್ಮುಲ್ ರಂಗರಾಯರು ಅದಕ್ಕೂ ಮುಂಚೆಯೇ ಈ ದಾರಿಯನ್ನು ಹಿಡಿದವರು. 1897 ರಲ್ಲಿ ದಲಿತರಿಗಾಗಿ ಮಿಶನ್ನೊಂದನ್ನು ಸ್ಥಾಪಿಸಿದ ಆ ವಕೀಲರು ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ಎಳವೆಯಲ್ಲಿಯೇ ವಿಧವೆಯಾಗಿದ್ದ ಅವರ ಮಗಳು ರಾಧಾಬಾಯಿಯ ಪುನರ್ವಿವಾಹವು 1912 ರಲ್ಲಿ ಬೇರೆ ಜಾತಿಯ ಪಿ. ಸುಬ್ಬರಾಯನ್ನರೊಡನೆ ನೆರವೇರಿತು. ಮಗಳ ಮದುವೆಗಿಂತ ಹತ್ತಿರದ ಪರೀಕ್ಷೆಯು ಸುಧಾರಕನಿಗೆ ಇನ್ನಾವುದಿದೆ?

ಇನ್ನು ಕಾಯದೆಯ ಮಾತು. 1950 ರಲ್ಲಿ ಜಾರಿಗೆ ಬಂದ ಸಂವಿಧಾನದ 17 ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955 ರ ಕಾಯದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಬಹು ಒಳ್ಳೆಯದಾಯಿತು. ಗುಡಿ, ಬಾವಿ, ಹೋಟೆಲುಗಳನ್ನು ಕಾಯದೆಯು ತೆರೆಯಿಸಬಲ್ಲದು. ಆದರೆ ಮನೆಯ ಪಂಕ್ತಿಗೆ ಯಾರನ್ನು ಕರೆಯಬೇಕು, ಮಗಳನ್ನು ಯಾರಿಗೆ ಕೊಡಬೇಕು ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸದು. ಆ ಒಳಮನೆಗೆ ಪೋಲೀಸರು ಬರುವದಿಲ್ಲ. ಪತ್ರಿಕೆಯ ವರದಿಗಾರನೂ ಬರುವದಿಲ್ಲ. ಅಲ್ಲಿಯ ಕೆಲಸಕ್ಕೆ ಸುಧಾರಕರು ಸಿಕ್ಕದಿರುವದಕ್ಕೆ ಬಹುಶಃ ಈ ಎರಡನೆಯದೇ ಕಾರಣವಾಗಿರಬೇಕು.