ಹಿಂದಿಟ್ಟ ಹೆಜ್ಜೆ

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರೈಲುಗಾಡಿ ಭೀಮಾ ನದಿಯನ್ನು ದಾಟಿದ ಮೇಲೆ, ಇಂಡಿ ರೋಡಿಗೆ ಮೊದಲು, ಲಚ್ಯಾಣವೆಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು. ಸುತ್ತ ಎರೆಹೊಲ, ನಡುನಡುವೆ ನಿಂಬೆಯ ತೋಟ. ಆ ಊರಿನ ಹುಡುಗನೊಬ್ಬ ನಮ್ಮ ಕಾಲೇಜಿನಲ್ಲಿ ಓದುತ್ತಾನೆ. ಬೇಸಗೆಯಲ್ಲಿ ಅವನು, "ಸರ್, ಜಾತ್ರಿಗಿ ಬರ್ರಿ, ಕುಸ್ತಿ ನೋಡೂಣಂತ" ಎಂದು ಒತ್ತಾಯಮಾಡಿ ಕರೆದುಕೊಂಡು ಹೋದ. ಕನ್ನಡ ಕಲಿಸುವವನಿಗೆ ಕುಸ್ತಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ನನ್ನ ಮನಸ್ಸಿನಲ್ಲಿ ಬಹುದಿನದಿಂದ ಮುಳ್ಳಾಡುತ್ತಿದ್ದ ಒಂದು ತಪ್ಪು ತಿಳಿಯಾದದ್ದು ಆ ಕಣದ ಅಂಚಿನಲ್ಲಿ; ಆದುದರಿಂದ ಬರೆಯಬೇಕಾಯಿತು.

ಕುಸ್ತಿಯ ಕಣದಲ್ಲಿ ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಗಳು ಮುಗಿದುವು. ಹೊತ್ತು ಇಳಿಯುವ ವೇಳೆಗೆ ಬೆಳ್ಳಿಯ ಕಡಗದ ಜೋಡಿ ಬಂದಿತು. ಒಬ್ಬ ಆಳೆತ್ತರದ ಬಂಡೆಯಂತಹವನು. ಇನ್ನೊಬ್ಬ ಬಡಕಲಲ್ಲದಿದ್ದರೂ ಅವನೆದುರಿಗೆ ಬಡಕಲಾಗಿ ಕಾಣುವವನು. ಹಲಗೆಯ ಸದ್ದು ಏರಿತು. ಬಂಡೆ ಮುಂದೆ ನುಗ್ಗಿದಾಗಲೆಲ್ಲ ಸಣ್ಣವನು ಒಂದು ಹೆಜ್ಜೆ ಹಿಂದಿಟ್ಟು, ಅರ್ಧ ಸುತ್ತು ಬಳಸಿ, ಮತ್ತೆ ಎದುರು ನಿಲ್ಲುತ್ತಿದ್ದ. ಜನ ರೇಗಿದರು. "ಓಡ್ಲಾಕತ್ತಾನ, ಓಡ್ಲಾಕತ್ತಾನ!" ಎಂದು ಕೂಗಿದರು. ನಿಜ ಹೇಳಬೇಕೆಂದರೆ ನನಗೂ ಅವನು ಅಂಜುಬುರುಕನೆಂದೇ ತೋರಿತು.

ನನ್ನ ಪಕ್ಕದಲ್ಲಿ ಹುಡುಗನ ಮುತ್ಯಾ ಕುಳಿತಿದ್ದರು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ಕಣಗಳಲ್ಲೆಲ್ಲ ಆಡಿದ ಪೈಲವಾನರು. ಮುದುಡಿಹೋದ ಕಿವಿಗಳೇ ಅದಕ್ಕೆ ಸಾಕ್ಷಿ. ಅವರು ನನ್ನ ಕಡೆಗೆ ತಿರುಗದೆಯೇ ಹೇಳಿದರು:

"ಆಂವ ಓಡ್ಲಾಕತ್ತಿಲ್ರೀ ಮಾಸ್ತರ. ಅಳತಿ ತಗೋಲಾಕತ್ತಾನ. ದೊಡ್ಡಾಂವನ ಕಾಲ ನೋಡ್ರಿ."

ನಾನು ಆ ತನಕ ಇಬ್ಬರ ತೋಳುಗಳನ್ನು ನೋಡುತ್ತಿದ್ದೆ. ಆಗ ಕಾಲು ನೋಡಿದೆ. ದೊಡ್ಡವನು ನುಗ್ಗುವಾಗ ಹಿಂಗಾಲನ್ನು ಎಳೆದು ಮುಂಗಾಲಿನ ಹಿಂದೆಯೇ ತಂದಿಡುತ್ತಿದ್ದ. ಆ ಕ್ಷಣದಲ್ಲಿ ಎರಡು ಪಾದಗಳೂ ಒಂದೇ ಗೆರೆಯ ಮೇಲೆ ನಿಲ್ಲುತ್ತಿದ್ದುವು. ಇನ್ನೊಮ್ಮೆ ಹಾಗೆ ಆದಾಗ ಸಣ್ಣವನು ಹಿಂದೆ ಸರಿಯಲಿಲ್ಲ. ಎದುರಾಳಿಯ ಕೈಯನ್ನು ಅವನು ಬರುತ್ತಿದ್ದ ಕಡೆಗೇ ಎಳೆದು, ತಾನು ಅಡ್ಡ ತಿರುಗಿ, ಸೊಂಟ ಕೊಟ್ಟ. ಬಂಡೆ ತನ್ನ ಭಾರದಿಂದಲೇ ಉರುಳಿತು. ಬೆನ್ನಿಗೆ ಮಣ್ಣು ಹತ್ತಿತು. ಓಡುತ್ತಾನೆಂದು ಹೀಯಾಳಿಸಿದವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆ ಗದ್ದಲದಲ್ಲಿ ನನ್ನ ವಿದ್ಯಾರ್ಥಿ ಮಾತ್ರ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಅದಕ್ಕೆ ಕಾರಣವಿತ್ತು.

ಈ ಹುಡುಗ ಮುತ್ಯಾನ ಕುಸ್ತಿಯನ್ನು ಬಿಟ್ಟು ಮುಷ್ಟಿಯುದ್ಧ ಹಿಡಿದವನು. ಬಾಕ್ಸಿಂಗ್ ಎಂದರೇ ನಿಮಗೆ ಬೇಗ ತಿಳಿದೀತು. ಹಿಂದಿನ ವರ್ಷದ ಅಂತರ ಕಾಲೇಜು ಪಂದ್ಯದಲ್ಲಿ ಮೂರು ಸುತ್ತುಗಳಲ್ಲಿಯೂ ಒಂದು ಹೆಜ್ಜೆ ಹಿಂದೆ ಸರಿಯದೆ, ಹೊಡೆತಕ್ಕೆ ಹೊಡೆತ ಕೊಟ್ಟು ಗೆದ್ದುಬಂದ. ಮರುದಿನ ನಾನು ತರಗತಿಯಲ್ಲಿ ವೀರಗಲ್ಲುಗಳ ಪಾಠ ಮಾಡುತ್ತಿದ್ದೆ. ಅವನನ್ನು ಎಬ್ಬಿಸಿ ನಿಲ್ಲಿಸಿ, "ಬೆನ್ನು ತೋರದವನೇ ವೀರ, ನೋಡಿ, ನಮ್ಮಲ್ಲಿಯೂ ಒಬ್ಬನಿದ್ದಾನೆ" ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಅವನು ನಕ್ಕ. ಆ ರಾತ್ರಿಯೆಲ್ಲ ತಲೆ ಸಿಡಿದು, ಎರಡು ಸಲ ವಾಂತಿ ಮಾಡಿಕೊಂಡಿದ್ದನೆಂಬುದು ನನಗೆ ತಿಳಿದದ್ದು ತಿಂಗಳ ಮೇಲೆ, ಅವನ ಕೊಠಡಿಯ ಗೆಳೆಯನಿಂದ. ತಂಡದಿಂದ ತೆಗೆದುಹಾಕಿಯಾರೆಂದು ಯಾರಿಗೂ ಹೇಳಿರಲಿಲ್ಲವಂತೆ. ವೈದ್ಯರು ಪರೀಕ್ಷಿಸಿ, ತಾವು ಹೇಳುವ ತನಕ ಕಣಕ್ಕೆ ಇಳಿಯಕೂಡದೆಂದು ಕಟ್ಟುಮಾಡಿದರು. ಚಪ್ಪಾಳೆ ತಟ್ಟಿಸಿದ ನನ್ನ ಕೈ ಅಂದಿನಿಂದ ನನಗೇ ಭಾರವಾಗಿತ್ತು.

ಹಾಗಾದರೆ ಮುಷ್ಟಿಯುದ್ಧದಲ್ಲಿ ವಿದ್ಯಾವಂತನೆಂದು ಯಾರನ್ನು ಕರೆಯಬೇಕು? ಜಾತ್ರೆಯಿಂದ ಬಂದ ಮೇಲೆ ಪುಸ್ತಕಗಳನ್ನು ತಿರುವಿದೆ, ಹಳೆಯ ಪಂದ್ಯಗಳ ಚಿತ್ರಗಳನ್ನು ನೋಡಿದೆ, ಬಲ್ಲವರನ್ನು ಕೇಳಿದೆ. ಎಲ್ಲ ದಾರಿಗಳೂ ಮುತ್ಯಾ ತೋರಿಸಿದ ಕಾಲುಗಳ ಬಳಿಗೇ ಬಂದುವು.

ಹೊಡೆತ ಹುಟ್ಟುವುದು ಮುಷ್ಟಿಯಲ್ಲಲ್ಲ, ಪಾದದಲ್ಲಿ. ಬಲಗೈ ವಾಡಿಕೆಯವನು ಎಡಗಾಲನ್ನು ಮುಂದಿಟ್ಟು, ಬಲಗಾಲನ್ನು ಹಿಂದಕ್ಕೂ ಪಕ್ಕಕ್ಕೂ ಸರಿಸಿ, ಹಿಂದಿನ ಹಿಮ್ಮಡಿಯನ್ನು ತುಸು ಎತ್ತಿ ನಿಲ್ಲುತ್ತಾನೆ. ಹಿಂದಿನ ಪಾದ ನೆಲವನ್ನು ಒತ್ತಿದಾಗ ಬಲ ಸೊಂಟಕ್ಕೆ ಏರುತ್ತದೆ. ಸೊಂಟ ತಿರುಗಿದಾಗ ಹೆಗಲಿಗೆ, ಅಲ್ಲಿಂದ ಮುಷ್ಟಿಗೆ. ನಡುವೆ ಒಂದು ಕೊಂಡಿ ಸಡಿಲವಾದರೂ ಉಳಿಯುವುದು ಬರಿಯ ತೋಳಿನ ಬಲ. ಚಲಿಸುವಾಗ ಕಾಲುಗಳು ಒಂದನ್ನೊಂದು ದಾಟಕೂಡದು. ಎಡಕ್ಕೆ ಹೋಗುವವನು ಎಡಗಾಲನ್ನೇ ಮೊದಲು ಸರಿಸಬೇಕು. ಕೇಳಲು ಸುಲಭ. ಹೊಡೆತಗಳ ನಡುವೆ ಮೂರು ನಿಮಿಷ ಹಾಗೆ ನಡೆದು ತೋರಿಸುವುದು ವರ್ಷಗಳ ಸಾಧನೆ.

ಮುಂದಿನ ಕೈ ಚಾಚಿ ಕೊಡುವ ಸರಳ ಹೊಡೆತಕ್ಕೆ ಜಾಬ್ ಎನ್ನುತ್ತಾರೆ. ನೋಡುವವರಿಗೆ ಅದೊಂದು ಕೀಟಲೆ. ಆಡುವವನಿಗೆ ಅದು ಕುರುಡನ ಕೈಕೋಲು: ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಬೆದರಿದರೆ ಯಾವ ಕಡೆಗೆ ಸರಿಯುತ್ತಾನೆ, ಯಾವ ಕೈಯನ್ನು ಕೆಳಗಿಳಿಸುತ್ತಾನೆ ಎಂಬುದೆಲ್ಲ ಅದರಿಂದಲೇ ತಿಳಿಯಬೇಕು. ಚಾಚಿದ ಕೈ ಹೋದ ವೇಗದಲ್ಲಿಯೇ ಹಿಂದಿರುಗಿ ಗಲ್ಲದ ಬಳಿ ಕಾವಲು ನಿಲ್ಲಬೇಕು. ನಮ್ಮ ಹುಡುಗನ ಎಡಗೈ ಹೊಡೆದು ಬರುವಾಗ ಎದೆಯ ಕೆಳಗೆ ಜಾರುತ್ತಿತ್ತು. ಗಲ್ಲದ ಮೇಲೆ ಬಿದ್ದ ಪೆಟ್ಟುಗಳೆಲ್ಲ ಬಂದದ್ದು ಆ ತೆರೆದ ಬಾಗಿಲಿನಿಂದ.

ಇನ್ನು ಕಣ್ಣು. ಕಲಿಯದವನು ಎದುರಾಳಿಯ ಮುಷ್ಟಿಯನ್ನು ನೋಡುತ್ತಾನೆ. ಮುಷ್ಟಿ ಹೊರಟ ಮೇಲೆ ನೋಡಿ ಫಲವಿಲ್ಲ. ಕಲಿತವನ ದೃಷ್ಟಿ ಎದೆ ಮತ್ತು ಹೆಗಲುಗಳ ಮೇಲೆ ನೆಟ್ಟಿರುತ್ತದೆ, ಏಕೆಂದರೆ ಕೈಗಿಂತ ಮೊದಲು ಹೆಗಲು ಸುಳಿವು ಕೊಡುತ್ತದೆ. ಸುಳಿವು ಸಿಕ್ಕಿದವನು ಹಾರಿಹೋಗಬೇಕಾಗಿಲ್ಲ. ತಲೆಯನ್ನು ಎರಡು ಮೂರು ಅಂಗುಲ ಸರಿಸಿದರೆ ಸಾಕು. ಹೊಡೆತ ಕಿವಿಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಹೊಡೆದವನ ಭಾರ ಮುಂದಕ್ಕೆ ವಾಲುತ್ತದೆ. ತಪ್ಪಿಸಿಕೊಂಡವನು ಉತ್ತರ ಕೊಡುವಷ್ಟು ಹತ್ತಿರದಲ್ಲಿಯೇ ಇರುತ್ತಾನೆ. ದೂರ ಓಡಿದವನಿಗೆ ಪೆಟ್ಟು ತಪ್ಪಿದರೂ ಅವಕಾಶವೂ ತಪ್ಪುತ್ತದೆ. ಹಿಂದಿಡುವ ಹೆಜ್ಜೆಗೂ ಓಟಕ್ಕೂ ಇರುವ ವ್ಯತ್ಯಾಸ ಇದೇ. ಹಿಂದಿಟ್ಟ ಹೆಜ್ಜೆಯಲ್ಲಿ ಮುಂದಿಡುವ ಹೆಜ್ಜೆ ಅಡಗಿರುತ್ತದೆ.

ಈ ಮರ್ಮ ಹಳೆಯ ಕಾಲದವರಿಗೆ ತಿಳಿದಿತ್ತು. ಶಲ್ಯಪರ್ವದಲ್ಲಿ ಗದಾಯುದ್ಧ ನಡೆಯುತ್ತಿರುವಾಗ ಅರ್ಜುನನು ಇಬ್ಬರಲ್ಲಿ ಯಾರು ಮೇಲೆಂದು ಕೃಷ್ಣನನ್ನು ಕೇಳುತ್ತಾನೆ. ಬಲದಲ್ಲಿ ಭೀಮ ಮೇಲು, ಪಳಗಿದ ಕೈ ದುರ್ಯೋಧನನದು, ನ್ಯಾಯದಿಂದ ಹೋರಿದರೆ ಭೀಮ ಗೆಲ್ಲಲಾರ ಎಂಬುದು ಕೃಷ್ಣನ ಉತ್ತರದ ತಾತ್ಪರ್ಯ. ಪಕ್ಷಪಾತಿಯೆಂದು ಹೆಸರಾದವನ ಬಾಯಿಂದ ಬಂದ ಈ ನಿಷ್ಪಕ್ಷಪಾತವಾದ ತೀರ್ಪು ಗಮನಾರ್ಹವಾದುದು. ಕೊನೆಗೂ ಭೀಮನ ಏಟು ತೊಡೆಗೆ ತಗುಲಿದ್ದು ದುರ್ಯೋಧನನು ಪೆಟ್ಟು ತಪ್ಪಿಸಲೆಂದು ಮೇಲಕ್ಕೆ ನೆಗೆದಾಗ, ಪಾದಗಳು ನೆಲ ಬಿಟ್ಟಾಗ. ಅದು ಅಧರ್ಮವೆಂಬ ಮಾತು ಬೇರೆ. ಇದೇ ಕಥೆಯನ್ನು ಕಾವ್ಯವಾಗಿಸಿದ ರನ್ನ ನಮ್ಮ ಮುಧೋಳದವನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126-1138) ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸಿದ್ದಾನೆ. ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ಅಲ್ಲಿ ಬೋಳಿಸಿದ ತಲೆಯಿಂದ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಗೊತ್ತುಮಾಡಿದವರು ಕ್ರೂರಿಗಳಾಗಿರಲಿಲ್ಲ.

ಆದರೆ ಈ ವಿದ್ಯೆ ಎಲ್ಲರ ಕಣ್ಣಿಗೂ ಬೀಳುವಂತಹುದಲ್ಲ. ಕುಸ್ತಿಯಲ್ಲಿ ಬೆನ್ನಿಗೆ ಹತ್ತಿದ ಮಣ್ಣೇ ತೀರ್ಪುಗಾರ. ಮುಷ್ಟಿಯುದ್ಧದಲ್ಲಿ ಎದುರಾಳಿ ನೆಲಕ್ಕೆ ಬೀಳದಿದ್ದರೆ ಮನುಷ್ಯರು ತೀರ್ಪು ಕೊಡಬೇಕು, ಮನುಷ್ಯರು ಎಡವುತ್ತಾರೆ. 1988ರ ಸೋಲ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಹೊಡೆತಗಳನ್ನು ತಗುಲಿಸಿ, ಎದುರಾಳಿಯಿಂದ 32 ತಿಂದು, ಮೂರಕ್ಕೆ ಎರಡರ ತೀರ್ಪಿನಲ್ಲಿ ಸೋತ! ಆ ಬಳಿಕ 1992ರಿಂದ 2012ರ ತನಕ ಯಂತ್ರದ ಗುಂಡಿಯೊತ್ತಿ ಹೊಡೆತಗಳನ್ನು ಎಣಿಸಿದರು. ಎಣಿಕೆಯೇ ಆಟವಾಗುತ್ತದೆಂದು ಅದನ್ನೂ ಬಿಟ್ಟು ಸುತ್ತಿಗೆ ಹತ್ತು ಅಂಕದ ಪದ್ಧತಿಗೆ ಬಂದರು. ಸರಿಯಾದ ಜಾಗಕ್ಕೆ ಬಿದ್ದ ಚೊಕ್ಕ ಹೊಡೆತಗಳನ್ನೂ ಕೌಶಲದ ಮೇಲುಗೈಯನ್ನೂ ತೂಗಿ ನೋಡಬೇಕೆಂಬುದು ಅದರ ನಿಯಮ. ತಪ್ಪಿಸಿಕೊಂಡ ಹೊಡೆತಕ್ಕೆ ಚಪ್ಪಾಳೆ ಬೀಳುವುದು ಅಪರೂಪ. ನನ್ನಂತಹ ಮೇಷ್ಟರುಗಳು ತಿಂದ ಹೊಡೆತಕ್ಕೇ ಚಪ್ಪಾಳೆ ತಟ್ಟಿಸುತ್ತೇವೆ.

ತಿಂದ ಹೊಡೆತದ ಲೆಕ್ಕವನ್ನು ಮಾತ್ರ ದೇಹ ಮರೆಯುವುದಿಲ್ಲ. ಮುಷ್ಟಿಮಲ್ಲರ ಮಿದುಳು ಕಾಲಕ್ರಮದಲ್ಲಿ ಕೆಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಷ್ಟು ಹಿಂದೆಯೇ ವೈದ್ಯಪತ್ರಿಕೆಯಲ್ಲಿ ವಿವರಿಸಿದ್ದ. ತಲೆಗೆ ತೊಡುವ ಮೆತ್ತನೆಯ ಕವಚ ಚರ್ಮ ಹರಿಯದಂತೆ ಕಾಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. ಮುಹಮ್ಮದ್ ಅಲಿಯನ್ನೇ ನೆನೆಯಿರಿ. ಯೌವನದಲ್ಲಿ ಅವನ ಕಾಲುಗಳನ್ನು ಹಿಡಿಯುವವರಿರಲಿಲ್ಲ. 1974ರ ಅಕ್ಟೋಬರಿನಲ್ಲಿ, ಆಫ್ರಿಕದ ಕಿನ್ಶಾಸಾ ನಗರದಲ್ಲಿ, ತನಗಿಂತ ಚಿಕ್ಕವನೂ ಬಲಶಾಲಿಯೂ ಆದ ಜಾರ್ಜ್ ಫೋರ್ಮನ್ನನೆದುರಿಗೆ ಅವನು ಹಗ್ಗಕ್ಕೆ ಒರಗಿ ನಿಂತು, ತೋಳುಗಳ ಮರೆಯಲ್ಲಿ ಹೊಡೆತಗಳನ್ನು ತಡೆದುಕೊಂಡು, ಎದುರಾಳಿಯನ್ನು ದಣಿಸಿ, ಎಂಟನೆಯ ಸುತ್ತಿನಲ್ಲಿ ಕೆಡವಿದ. ಜಗತ್ತು ಅದನ್ನು ಜಾಣತನವೆಂದು ಹೊಗಳಿತು; ಜಾಣತನವೇ ಹೌದು. ಆದರೆ ಕಾಲು ನಿಧಾನವಾದ ಮೇಲೆ ಆ ವರ್ಷಗಳಲ್ಲಿ ಅವನು ತಿಂದ ಹೊಡೆತಗಳು ಬಹಳ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆಯೆಂದು ಗೊತ್ತಾಯಿತು, 2016ರಲ್ಲಿ ತೀರಿಕೊಂಡ. ಹೊಡೆತಗಳೇ ಅದಕ್ಕೆ ಕಾರಣವೋ ಅಲ್ಲವೋ ಎಂಬುದರಲ್ಲಿ ಬಲ್ಲವರೊಳಗೆ ಒಮ್ಮತವಿಲ್ಲ. ಗೆದ್ದ ಹೊಡೆತಗಳನ್ನು ಎಣಿಸುವಾಗ ತಿಂದವುಗಳನ್ನೂ ಎಣಿಸಬೇಕೆಂಬುದರಲ್ಲಿ ಸಂಶಯ ಬೇಡ.

ಜಾತ್ರೆಯ ಮರುದಿನ ಬೆಳಗ್ಗೆ, ನಾನು ಗಾಡಿಗೆ ಹೊರಡುವ ಮೊದಲು ಮುತ್ಯಾ ಮೊಮ್ಮಗನನ್ನು ಅಂಗಳಕ್ಕೆ ಕರೆದರು. ವೈದ್ಯರ ಅಪ್ಪಣೆ ಇನ್ನೂ ಬಂದಿರಲಿಲ್ಲ. ಅವರು ಆಟಕ್ಕೆ ಕರೆಯಲೂ ಇಲ್ಲ. "ನಿಮ್ಮ ಆಟದಾಗ ಹ್ಯಾಂಗ ನಿಂದರ್ತಿ, ನಿಂದ್ರು" ಎಂದರು. ಅವನು ಮುಷ್ಟಿ ಕಟ್ಟಿ ನಿಂತ. ಎಪ್ಪತ್ತು ದಾಟಿದ ಆ ಹಿರಿಯರು ಹತ್ತಿರ ಬಂದು ಒಂದೇ ಬೆರಳನ್ನು ಅವನ ಎದೆಗೆ ಒತ್ತಿದರು. ಹುಡುಗ ಎರಡು ಹೆಜ್ಜೆ ತೂರಾಡಿ, ನಾಚಿ ನಕ್ಕ.

"ನಿಂದ್ರಾಕ ಬರಾಂಗಿಲ್ಲ, ಹೊಡ್ಯಾಕ ಹೋಗೀದಿ. ಕಾಲ ಅಗಲ ಮಾಡು, ಮೊಣಕಾಲ ಸಡಲ ಬಿಡು. ಮತ್ತ ನಿಂದ್ರು."

ಇನ್ನೊಮ್ಮೆ ಬೆರಳು, ಒಂದೇ ಹೆಜ್ಜೆ ಸರಿದ. ಮತ್ತೊಮ್ಮೆ. ಬೆರಳು ಒತ್ತಿದಾಗ ಹುಡುಗ ಈ ಸಲ ಎದುರೊತ್ತಲಿಲ್ಲ. ತಾನಾಗಿ ಒಂದು ಹೆಜ್ಜೆ ಹಿಂದಿಟ್ಟು ಪಕ್ಕಕ್ಕೆ ತಿರುಗಿದ. ಬೆರಳು ಗಾಳಿಯಲ್ಲಿ ಉಳಿಯಿತು. ಮುತ್ಯಾ ಮುಂದಕ್ಕೆ ವಾಲಿ, ಅವನ ಹೆಗಲನ್ನು ಹಿಡಿದು ಸಾವರಿಸಿಕೊಂಡರು. "ಹಾಂ, ಈಗ ಬಂದಿ" ಎಂದರು.

ನಾನು ಹುಡುಗನ ಬಳಿ ಹೋಗಿ, "ಅಂದು ತರಗತಿಯಲ್ಲಿ ನಾನು ಹೇಳಿದ ಮಾತು ತಪ್ಪಪ್ಪಾ" ಎಂದೆ. ಅವನಿಗೆ ಉತ್ತರ ಹೊಳೆಯಲಿಲ್ಲ. "ಇರ್ಲಿ ಬಿಡ್ರಿ ಸರ್" ಎಂದು ನನ್ನ ಚೀಲವನ್ನು ಎತ್ತಿಕೊಂಡ. ನಿಲ್ದಾಣದವರೆಗೂ ನಾನು ಅವನ ಕಾಲುಗಳನ್ನೇ ನೋಡುತ್ತ ನಡೆದೆ. ವೀರಗಲ್ಲಿನ ಪಾಠ ಮುಂದಿನ ವರ್ಷವೂ ಬರುತ್ತದೆ. ಅಂದು ಆ ಕಲ್ಲುಗಳಿಗೆ ಕೈಮುಗಿದು, ಹಿಂದಿಟ್ಟ ಹೆಜ್ಜೆಯಿಂದ ಮನೆಗೆ ಮರಳಿ ಬಂದವರ ಕಥೆಯನ್ನೂ ಹೇಳಬೇಕೆಂದಿದ್ದೇನೆ.