ಆರೋಗ್ಯ ಮಾತು: ಬಾಯಿಯೊಳಗೆ ಮೂರು ಬೆರಳು ಹೋಗುತ್ತವೆಯೇ?



ಕಾಸರಗೋಡಿನ ನಮ್ಮ ಕಡೆ ಅಡಿಕೆ ಇಲ್ಲದ ಮನೆ ಸಿಗುವುದು ಕಷ್ಟ. ಮಕ್ಕಳ ಫೀಸು, ಮಗಳ ಮದುವೆ, ಮನೆಯ ಮಾಡು, ಎಲ್ಲವೂ ತೋಟದ ಆದಾಯದಿಂದಲೇ. ಮನೆಗೆ ಬಂದವರ ಮುಂದೆ ಎಲೆಯಡಿಕೆಯ ಹರಿವಾಣ ಇಡುವುದು ನಮ್ಮಲ್ಲಿ ಮರ್ಯಾದೆ. ಹಾಗಾಗಿ ಅಡಿಕೆಯ ಬಗ್ಗೆ ಕಹಿ ಮಾತು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಬಾಯಿಯ ಆರೋಗ್ಯದ ಮಾತು ಬಂದಾಗ ಹೇಳದೆ ಉಪಾಯವಿಲ್ಲ.

"ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ ಜಗಿಯುವುದು" ಎಂದು ಧೈರ್ಯವಾಗಿರುವವರು ಬಹಳ ಮಂದಿ. ಹೊಗೆಸೊಪ್ಪು ಕೆಟ್ಟದ್ದು ನಿಜ. ಆದರೆ ಬರೀ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ.

ಬಾಯಿ ಬಿಗಿಯುವ ಕಾಯಿಲೆ

ಕ್ಯಾನ್ಸರಿಗೆ ಮೊದಲೇ ಅಡಿಕೆ ತರುವ ಇನ್ನೊಂದು ಕಾಯಿಲೆ ಇದೆ. ಅದರ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ನಮ್ಮ ಕೆನ್ನೆಯ ಒಳಪದರ ರಬ್ಬರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವು ಈ ಪದರದ ಅಡಿಯಲ್ಲಿ ನಾರುಗಳು ಹೆಚ್ಚಾಗಿ ಬೆಳೆಯುವಂತೆ ಮಾಡುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಬೆಳೆದ ನಾರು ಕರಗದಂತೆ ನೋಡಿಕೊಳ್ಳುತ್ತದೆ. ವರ್ಷ ಕಳೆದಂತೆ ಮೆತ್ತಗಿದ್ದ ಕೆನ್ನೆ ತೊಗಲಿನಂತೆ ಗಡುಸಾಗುತ್ತದೆ.

ಮೊದಲ ಸೂಚನೆ ಉರಿ. ಉಪ್ಪಿನಕಾಯಿ, ಖಾರದ ಸಾರು ಬಾಯಿಗಿಟ್ಟರೆ ತಡೆಯಲಾಗುವುದಿಲ್ಲ. ಹೆಚ್ಚಿನವರು ಇದನ್ನು "ಉಷ್ಣ" ಎಂದುಕೊಂಡು ಎಳನೀರು ಕುಡಿದು ಸುಮ್ಮನಾಗುತ್ತಾರೆ. ನಂತರ ಒಳಕೆನ್ನೆ ಬಿಳಚಿಕೊಳ್ಳುತ್ತದೆ. ಬೆರಳಾಡಿಸಿದರೆ ಹಗ್ಗದಂತಹ ಪಟ್ಟಿ ಸಿಗುತ್ತದೆ. ತುಟಿಯೂ ಬಿಗಿಯಾಗುತ್ತದೆ, ನಾಲಿಗೆ ಪೂರ್ತಿ ಹೊರಗೆ ಬರುವುದಿಲ್ಲ. ಕೊನೆಗೆ ಅನ್ನದ ತುತ್ತು ಹಿಡಿಯುವಷ್ಟೂ ಬಾಯಿ ತೆರೆಯುವುದಿಲ್ಲ. ಇಂಥವರ ಹಲ್ಲು ಕೀಳುವುದು ಕಷ್ಟ. ತುರ್ತು ಆಪರೇಷನ್ ಬಂದರೆ ಉಸಿರಾಟದ ನಳಿಗೆ ಇಳಿಸುವುದು ಇನ್ನೂ ಕಷ್ಟ. ಇವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ.

ಹಿಂದೆ ಇದು ವರ್ಷಾನುಗಟ್ಟಲೆ ಎಲೆಯಡಿಕೆ ಹಾಕಿದವರ ಕಾಯಿಲೆಯಾಗಿತ್ತು. ಪ್ಯಾಕೆಟಿನ ಗುಟ್ಕಾ, ಪಾನ್ ಮಸಾಲ ಬಂದ ಮೇಲೆ ಹರೆಯದ ಹುಡುಗರಲ್ಲೂ ಕಾಣಿಸುತ್ತಿದೆ. ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಆದರೆ ಮಸಾಲೆ ಒಂದು ಪ್ಯಾಕೆಟು, ತಂಬಾಕು ಇನ್ನೊಂದು ಪ್ಯಾಕೆಟು ಎಂದು ಕೊಂಡು ಬಾಯಿಯಲ್ಲೇ ಬೆರೆಸುವವರಿದ್ದಾರೆ. ಮಕ್ಕಳ ಕೈಗೆ ಕೊಡುವ ಸಿಹಿ ಅಡಿಕೆಯ ಪೊಟ್ಟಣವೂ ಅಡಿಕೆಯೇ. ಸಕ್ಕರೆ, ಸುವಾಸನೆ ಸೇರಿಸಿದ ಮಾತ್ರಕ್ಕೆ ಅದರ ಗುಣ ಬದಲಾಗುವುದಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

1. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ದಂತವೈದ್ಯರಿಗೆ ತೋರಿಸಿ.

2. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಟಾರ್ಚ್ ಹಿಡಿದು ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು, ನಾಲಿಗೆಯ ಬದಿ ಮತ್ತು ಅಡಿಭಾಗ, ಅಂಗಳ ನೋಡಿಕೊಳ್ಳಿ.

3. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡಬೇಡಿ. ನೋವಿಲ್ಲ ಎಂಬುದು ಸಮಾಧಾನವಲ್ಲ. ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ.

ಇಷ್ಟು ನೋಡುವುದರಿಂದ ಏನು ಪ್ರಯೋಜನ ಎನ್ನಬೇಡಿ. ನಮ್ಮದೇ ರಾಜ್ಯದ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಿಂದ ದೊಡ್ಡ ಅಧ್ಯಯನವೊಂದು ನಡೆಯಿತು. 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನ ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಜನರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ಬರಿಗಣ್ಣಿನಿಂದ ಪರೀಕ್ಷಿಸಿದರು. ಅವರು ವೈದ್ಯರಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಪರೀಕ್ಷೆ ನಡೆದ ಪಂಚಾಯತುಗಳಲ್ಲಿ ಬಾಯಿಯ ಕ್ಯಾನ್ಸರಿನ ಸಾವು 34 ಶೇಕಡ ಕಡಿಮೆಯಾಗಿತ್ತು. ಯಂತ್ರವಿಲ್ಲದೆ, ಕೇವಲ ನೋಡುವುದರಿಂದ ಜೀವ ಉಳಿಯಿತು.

ಚಿಕಿತ್ಸೆ ಏನು?

ಮೊದಲ ಔಷಧ ಅಡಿಕೆ ಬಿಡುವುದು. ಬಾಯಿ ತೆರೆಯುವ ವ್ಯಾಯಾಮ, ಮಾತ್ರೆ, ಕೆನ್ನೆಯೊಳಗೆ ಕೊಡುವ ಇಂಜೆಕ್ಷನ್, ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಇವೆ. ಆದರೆ ಒಮ್ಮೆ ಬೆಳೆದ ನಾರು ಪೂರ್ತಿ ಕರಗಿ ಬಾಯಿ ಹಿಂದಿನಂತಾಗುವುದಿಲ್ಲ. ಬೇಗ ಬಿಟ್ಟಷ್ಟು ಉಳಿಯುವುದು ಹೆಚ್ಚು. ಬಿಟ್ಟ ಮೇಲೂ ಆಗಾಗ ತೋರಿಸುತ್ತಿರಬೇಕು.

ಅರುವತ್ತು ವರ್ಷ ಜಗಿದ ಅಜ್ಜಿಯನ್ನು ಗದರಿಸಿ ಪ್ರಯೋಜನವಿಲ್ಲ. ಬೈದರೆ ಕದ್ದು ತಿನ್ನುತ್ತಾರೆ, ಬಾಯಿ ತೋರಿಸಲು ನಾಚುತ್ತಾರೆ. ಪ್ರೀತಿಯಿಂದ ಹತ್ತಿರ ಕೂತು "ಅಜ್ಜಿ, ಒಮ್ಮೆ ಬಾಯಿ ಆ ಮಾಡಿ" ಎಂದು ಹೇಳಿ, ಟಾರ್ಚ್ ಹಿಡಿದು ನೋಡಿ. ಮಕ್ಕಳಿಗೆ ಮಾತ್ರ ಸಿಹಿ ಅಡಿಕೆಯ ರುಚಿಯನ್ನೇ ಹತ್ತಿಸಬೇಡಿ. ಅಡಿಕೆ ತೋಟದಲ್ಲಿ ಬೆಳೆಯಲಿ, ಮನೆಗೆ ಅನ್ನ ತರಲಿ. ಆ ಅನ್ನ ಉಣ್ಣಲು ಬಾಯಿ ತೆರೆಯುವಂತಿರಬೇಕಲ್ಲವೇ? ಈ ಭಾನುವಾರ ಊಟಕ್ಕೆ ಎಲ್ಲರೂ ಸೇರಿದಾಗ, ಕೈ ತೊಳೆದು ಮೂರು ಬೆರಳಿನ ಪರೀಕ್ಷೆ ಮಾಡಿಬಿಡಿ.